ಹುಳದ ಕಾಸು

ಅವರ ಎಡಗಿವಿಯ ಹಾಲೆ ಸದಾ ನೀಲಿಯಾಗಿರುತ್ತಿತ್ತು. ಹುಟ್ಟಿನಿಂದ ಬಂದ ಮಚ್ಚೆ ಇರಬೇಕೆಂದು ನಾನು ಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಕಾರ್ಬನ್ ಹಾಳೆಯ ಬಣ್ಣ. ಟೈಪ್ ಮಾಡುತ್ತಾ ಒಂದು ಪದಕ್ಕೆ ತಡೆದು ನಿಂತರೆ ಅವರ ಎಡಗೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಹಾಲೆಯನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯುತ್ತಿದ್ದರು, ಪದ ಸಿಕ್ಕ ಕೂಡಲೇ ಬಿಡುತ್ತಿದ್ದರು. ದಿನಕ್ಕೆ ಎಷ್ಟೋ ಸಲ ಹೀಗೆ ಮಾಡಿ, ವರ್ಷಗಟ್ಟಲೆ ಮಾಡಿ, ಆ ನೀಲಿ ಸೋಪಿಗೂ ಬಿಡದಷ್ಟು ಊರಿಬಿಟ್ಟಿತ್ತು.

ಕೊಳ್ಳೇಗಾಲದ ಕೋರ್ಟಿನ ಗೋಡೆಯ ಹೊರಗೆ, ಹೊಂಗೆಮರದ ಕೆಳಗೆ ಅವರ ಮೇಜು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಟೈಪ್ ಸಾರ್, ಹಳ್ಳಿಯವರ ಬಾಯಲ್ಲಿ ಟೈಪ್ ಸಾ. ಹನೂರಿನ ಆಚೆಯ ಒಂದು ಊರಿನವರು. ಬೆಳಿಗ್ಗೆ ಹನೂರಿನ ಬಸ್ಸಿನಲ್ಲಿ ಬಂದು ಇಳಿದು, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಮಿಷನ್ನನ್ನು ತಾವೇ ಹೊತ್ತು ತಂದು ಮೇಜಿನ ಮೇಲಿಡುತ್ತಿದ್ದರು. ಬೇರೆಯವರಿಗೆ ಹೊರಲು ಕೊಡುತ್ತಿರಲಿಲ್ಲ. ಅದರ ‘ಯ’ ಅಕ್ಷರದ ಅಚ್ಚು ಸ್ವಲ್ಪ ಸಡಿಲವಾಗಿ, ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಸರಿ ಮಾಡಿಸಿ ಎಂದವರಿಗೆ, “ಮೈಸೂರಿಗೆ ತಗಂಡೋದ್ರೆ ನಾಲ್ಕು ದಿನ ಆಯ್ತದೆ. ನಾಲ್ಕು ದಿನ ಯಾರೂ ಜಗಳ ಆಡಲ್ಲ ಅಂದ್ರೆ ಏಳಿ, ಓಗಿ ಬತ್ತೀನಿ” ಎನ್ನುತ್ತಿದ್ದರು.

ಅವರ ಎರಡು ಮಾತು ಆ ಮರದ ಕೆಳಗೆ ಕೂತವರಿಗೆಲ್ಲ ಬಾಯಿಪಾಠವಾಗಿದ್ದವು. ಒಂದು, “ನಾನು ವಕೀಲ ಅಲ್ಲ.” ಇದನ್ನು ಹೇಳಿದ ಮೇಲೆ ಅವರು ಒಂದು ಪ್ರಶ್ನೆ ಕೇಳುತ್ತಿದ್ದರು, ಆ ಪ್ರಶ್ನೆ ಹೆಚ್ಚುಕಮ್ಮಿ ವಕೀಲರು ಕೇಳಬೇಕಾದದ್ದೇ ಆಗಿರುತ್ತಿತ್ತು. ಇನ್ನೊಂದು, “ಹಿಂಗೇ ತಾನೇ?” ಪ್ರತಿ ಪ್ಯಾರಾ ಮುಗಿದ ಮೇಲೆ ಅದನ್ನು ಗಟ್ಟಿಯಾಗಿ ಓದಿ ಹೇಳಿ, ಒಂದು ಸಲ ಹೀಗೆ ಕೇಳಿ, ಎದುರಿನವರು ಹೂಂ ಎಂದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದರು.

ನಾನು ಮೊದಲ ಸಲ ಅಲ್ಲಿ ಕೂತ ದಿನ ನಮ್ಮ ಮುಂದೆ ಒಬ್ಬ ರೈತ ತಮ್ಮನ ಮೇಲೆ ದೂರು ಬರೆಸುತ್ತಿದ್ದ.

“ನನ್ನ ಕೊಲ್ಲಾಕೆ ಬಂದ ಅಂತ ಟೈಪ್ ಒಡೀರಿ ಸಾ.”

“ಕೈಲಿ ಏನಿತ್ತು? ಮಚ್ಚಾ?”

“ಮಚ್ಚು ಇರ್ಲಿಲ್ಲ.”

“ದೊಣ್ಣೆ?”

ಆತ ದನಿ ತಗ್ಗಿಸಿದ. “ಚೊಂಬಿತ್ತು.”

“ಚೊಂಬು ಇಟ್ಕಂಡು ಕೊಲ್ಲಾಕೆ ಬಂದ್ನೋ, ಇಲ್ಲ ಕೆರೆ ಕಡೆ ಓಯ್ತಿದ್ನೋ?”

ಸುತ್ತ ಇದ್ದವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. ಕಿವಿ ಎಳೆದುಕೊಂಡು, “ಬಯ್ದ ಅಂತ ಬರೀತೀನಿ. ಏನಂತ ಬಯ್ದ, ಅದನ್ನು ಏಳಿ” ಎಂದರು. ನಾನು ನಗುವವರನ್ನು ಬಿಟ್ಟು ಅವರನ್ನೇ ನೋಡಿದೆ. ಆಗ ನನಗೆ ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ.

ನಾವು ಅಲ್ಲಿಗೆ ಹೋದದ್ದು ಜೀವನಾಂಶದ ವಿಷಯಕ್ಕೆ. ಅಪ್ಪನದು ಯಳಂದೂರಿನ ಹತ್ತಿರದ ಅಗರ. ಅಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಮನೆ. ಗೂಡು ಬೇಯಿಸಿ, ಎಳೆ ಹಿಡಿದು ಚರಕಕ್ಕೆ ಹಚ್ಚುವುದು. ಅಮ್ಮ ಮತ್ತು ನಾನು ಆ ಮನೆ ಬಿಟ್ಟು ಕೊಳ್ಳೇಗಾಲದ ಒಂದು ಕೋಣೆಗೆ ಬಂದು ಎರಡು ವರ್ಷವಾಗಿತ್ತು. ಯಾಕೆ ಬಂದೆವು ಎಂಬುದು ಇಲ್ಲಿ ಬೇಡ. ಅಮ್ಮ ಬೇರೆಯವರ ಮನೆಯಲ್ಲಿ ಗೂಡು ಬೇಯುವ ಬೇಸಿನ್ ಮುಂದೆ ಕೂತು ಅದೇ ಕೆಲಸವನ್ನು ಕೂಲಿಗೆ ಮಾಡುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಮೊದಲ ಸಲ ಕೋರ್ಟಿಗೆ ಹೋದಾಗ ಅಪ್ಪ, ಚರಕಗಳನ್ನು ನಿಲ್ಲಿಸಿದ್ದೇನೆ, ಈಗ ಕೂಲಿಗೆ ಹೋಗುತ್ತಿದ್ದೇನೆ ಎಂದು ಹೇಳಿಕೆ ಕೊಟ್ಟಿದ್ದರು. ಗೂಡು ಕೊಳ್ಳಲು ಬೇಕಾದ ಮಾರುಕಟ್ಟೆಯ ಲೈಸೆನ್ಸು ಚಿಕ್ಕಪ್ಪನ ಹೆಸರಿಗೆ ಹೋಗಿತ್ತು. ಅದಕ್ಕೆ ವಿರುದ್ಧವಾಗಿ ತೋರಿಸಲು ನಮ್ಮ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ. ಹಾಗಾಗಿ ಅಪ್ಪನ ಆದಾಯವನ್ನು ಒಬ್ಬ ಕೂಲಿಯಾಳಿನ ಆದಾಯವೆಂದು ಲೆಕ್ಕ ಹಿಡಿದು, ನನ್ನ ಪಾಲಿಗೆ ತಿಂಗಳಿಗೆ ಎಂಟುನೂರು ರೂಪಾಯಿ ಎಂದು ಆದೇಶವಾಗಿತ್ತು. ಕಾಗದದಲ್ಲಿ ಇದ್ದುದನ್ನು ನೋಡಿದರೆ ಅದು ತಪ್ಪಲ್ಲ. ಅಗರದಿಂದ ಬಂದವರು ಮಾತ್ರ, ಚರಕ ಎಲ್ಲಿ ನಿಂತಾವೆ, ಇನ್ನೂ ಎರಡು ಜಾಸ್ತಿ ಮಾಡವ್ನೆ ಎಂದು ಅಮ್ಮನ ಮುಂದೆ ಹೇಳಿ ಹೋಗುತ್ತಿದ್ದರು.

ಎಂಟುನೂರರಲ್ಲಿ ಬಾಡಿಗೆಯೂ ಮುಗಿಯುತ್ತಿರಲಿಲ್ಲ. ಹತ್ತನೆಯ ತರಗತಿ ಆದ ಮೇಲೆ ನಾನೂ ಅಮ್ಮನ ಪಕ್ಕದ ಬೇಸಿನ್‌ಗೆ ಕೂರುವುದು ಎಂದು ಮನೆಯಲ್ಲಿ ಮಾತಾಗಿತ್ತು. ನನಗೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕೆಂದು ಆಸೆ ಇತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅಮ್ಮನ ಬೆರಳು ನೋಡಿದ ಮೇಲೆ ಹೇಳುವ ಧೈರ್ಯ ಇರಲಿಲ್ಲ.

ಆದಾಯ ತಪ್ಪಾಗಿ ಲೆಕ್ಕವಾಗಿದೆ, ಜೀವನಾಂಶ ಹೆಚ್ಚಿಸಬೇಕು ಎಂದು ಮತ್ತೆ ಅರ್ಜಿ ಹಾಕಬಹುದು, ಆದರೆ ಪ್ರೂಫ್ ಬೇಕು ಎಂದರು ವಕೀಲರು. ಮೊದಲು ಟೈಪ್ ಸಾರ್ ಹತ್ತಿರ ವಿಷಯ ಬರೆಸಿಕೊಂಡು ಬನ್ನಿ ಎಂದು ಕಳಿಸಿದರು.

ಅಮ್ಮ ಕೂತವಳೇ, “ಲಕ್ಷಗಟ್ಲೆ ಸಂಪಾದ್ನೆ ಮಾಡ್ತವ್ನೆ ಅಂತ ಬರೀರಿ ಸಾ” ಎಂದಳು.

“ಎಷ್ಟು ಲಕ್ಷ ಕಣವ್ವ?”

“ಅಗರದಲ್ಲಿ ಯಾರ್ನ ಕೇಳಿದ್ರೂ ಏಳ್ತಾರೆ. ಎಲ್ಲರ್ಗೂ ಗೊತ್ತು.”

“ಎಲ್ಲರ್ಗೂ ಗೊತ್ತು ಅನ್ನೋ ಕೀ ನನ್ನ ಮಿಷನ್ನಲ್ಲಿ ಇಲ್ಲ.” ಕೀಲಿಗಳ ಮೇಲಿಂದ ಕೈ ತೆಗೆದರು. “ನಾನು ವಕೀಲ ಅಲ್ಲ. ಸುಮ್ನೆ ಕೇಳ್ತೀನಿ. ಆ ಮನೇಲಿ ನಿಮ್ಮ ಕೈಗೆ ಅಂತ ಏನು ಬತ್ತಿತ್ತು?”

“ನನ್ನ ಕೈಗೆ ಏನು ಬತ್ತದೆ ಸಾ? ಉಳದ ಕಾಸು ಒಂದು ಬುಟ್ಟು.”

ಅವರ ಕೈ ಕಿವಿಗೆ ಹೋಯಿತು.

ಹುಳದ ಕಾಸು ಎಂದರೆ ಇಷ್ಟೇ. ಗೂಡಿನ ಎಳೆಯೆಲ್ಲ ಬಿಚ್ಚಿದ ಮೇಲೆ ಬೆಂದ ಹುಳ ಉಳಿಯುತ್ತದೆ. ಅದರ ವಾಸನೆ ಹಿಡಿದು ನೂಲು ತೆಗೆಯುವ ಮನೆ ಯಾವುದೆಂದು ಬೀದಿಯ ತುದಿಯಿಂದಲೇ ಹೇಳಬಹುದು. ಕೋಳಿಗೆ, ಮೀನಿಗೆ ಹಾಕಲು ಆ ಹುಳವನ್ನು ಕೊಳ್ಳುವವರು ವಾರಕ್ಕೊಮ್ಮೆ ಬರುತ್ತಾರೆ. ಎಣ್ಣೆ ಡಬ್ಬದಲ್ಲಿ ಅಳೆದು ಒಯ್ಯುತ್ತಾರೆ. ನಮ್ಮ ಮನೆಯ ಸುತ್ತಮುತ್ತ ಆ ಕಾಸು ಹೆಂಗಸರದು. ಗಂಡಸು ಅದನ್ನು ಮುಟ್ಟಿದ ಎಂದರೆ ನಗೆಪಾಟಲು. ಅಪ್ಪ ಗೂಡಿನ ಲೆಕ್ಕ, ನೂಲಿನ ಲೆಕ್ಕ ಎಲ್ಲವನ್ನೂ ಬೀಗದಲ್ಲಿಟ್ಟರೂ ಹುಳದ ಕಡೆ ತಿರುಗಿ ನೋಡಿದವರಲ್ಲ. ನನ್ನ ಸ್ಕೂಲಿನ ಶೂ, ಅಮ್ಮನ ಕನ್ನಡಕ, ಎಲ್ಲವೂ ಹುಳದ ಕಾಸಿನಲ್ಲಿ ಬಂದದ್ದು.

“ಒಂದು ಡಬ್ಬ ಉಳ ಆಗ್ಬೇಕಾದ್ರೆ ಎಷ್ಟು ಗೂಡು ಬೇಯಿಸಿರ್ಬೇಕು?” ಎಂದು ಟೈಪ್ ಸಾರ್ ಕೇಳಿದರು.

“ಇಪ್ಪತ್ತು ಕೆಜಿ” ಎಂದಳು ಅಮ್ಮ, ಯೋಚಿಸದೆ. ಮದುವೆಗೆ ಮುಂಚಿನಿಂದ ಅವಳು ಬೇಸಿನ್ ಮುಂದೆ ಕೂತವಳು.

“ಇಪ್ಪತ್ತು ಕೆಜಿ ಗೂಡಿಗೆ ನೂಲೆಷ್ಟು?”

ಅದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ನಿಧಾನವಾಯಿತು. ತನಗೆ ಏನು ಗೊತ್ತಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು ಎಂದು ಕಾಣುತ್ತದೆ.

“ಉಳದವನು ಈಗ್ಲೂ ಆ ಮನೆಗೆ ಓಯ್ತಾನಾ?”

“ಓಯ್ತಾನಂತೆ. ಈಗ ನಮ್ಮತ್ತೆ ಕೈಗೆ ಕೊಡ್ತಾನಂತೆ.”

“ಅಂತೆ ಬೇಡ ಕಣವ್ವ. ಕಂಡು ಬನ್ನಿ.”

ಭಾನುವಾರ ಅಮ್ಮ ಮತ್ತು ನಾನು ಕಾಮಗೆರೆಗೆ ಹೋದೆವು. ಹುಳ ಕೊಳ್ಳುವವನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಗಾಳಿಯೇ ದಾರಿ ತೋರಿಸಿತು. ಅಂಗಳದ ತುಂಬ ಟಾರ್ಪಾಲಿನ ಮೇಲೆ ಹುಳ ಒಣಗಿಸಿದ್ದ. ಕೋಳಿ ಓಡಿಸುತ್ತಿದ್ದವನು ಅಮ್ಮನನ್ನು ಕಂಡು ಕೋಲು ಕೆಳಗಿಟ್ಟ.

“ಏನಕ್ಕಾ, ಈ ಕಡೆ?”

ಅಮ್ಮ ವಿಷಯ ಹೇಳಿದಳು. ಆತ ಎರಡು ಹೆಜ್ಜೆ ಹಿಂದಕ್ಕೆ ಸರಿದ. “ಕೋರ್ಟು ಗೀರ್ಟು ಬೇಡಕ್ಕಾ. ನಾ ಉಳ ಮಾರ್ಕಂಡು ಬದುಕೋನು. ಅಗರದ ಅಣ್ಣ ಬಾಗ್ಲಿಗೆ ಸೇರ್ಸಲ್ಲ ಆಮೇಲೆ.”

“ನಾನು ಹದಿನಾಕು ವರ್ಷ ನಿನ್ ಕೈಲಿ ಕಾಸು ಇಸ್ಕಂಡಿವ್ನಿ. ಒಂದಿನ ಡಬ್ಬ ಕಮ್ಮಿ ತುಂಬಿ ಕೊಟ್ಟಿದ್ನಾ?”

“ಇಲ್ಲ.”

“ನೀನು ಒಂದಿನ ಕಾಸು ಕಮ್ಮಿ ಕೊಟ್ಟಿದ್ಯಾ?”

“ಇಲ್ಲಕ್ಕಾ.”

“ನೀನು ಏನೂ ಏಳ್ಬೇಡ. ನಿನ್ನ ಬುಕ್ಕು ಕೊಡು, ಅದ್ರಲ್ಲಿ ಇರೋದೇ ಸಾಕು.”

ಆತ ನನ್ನನ್ನು ಒಮ್ಮೆ ನೋಡಿದ. ಒಳಗೆ ಹೋಗಿ ಒಂದು ಉದ್ದನೆಯ ಬುಕ್ಕು ತಂದ. ಅದೆಲ್ಲ ತಮಿಳಿನಲ್ಲಿ ಇತ್ತು. ಆ ಕಡೆಯ ಊರುಗಳಲ್ಲಿ ಮಾತಿಗೆ ಕನ್ನಡ, ಬರೆಯಲು ತಮಿಳು ಎನ್ನುವವರು ಹಲವರಿದ್ದಾರೆ. “ಜೆರಾಕ್ಸ್ ಮಾಡ್ಕಂಡು ಸಾಯಂಕಾಲ ತಂದ್ಕೊಡು” ಎಂದ.

ಸೋಮವಾರ ಟೈಪ್ ಸಾರ್ ಅದನ್ನು ಸರಾಗವಾಗಿ ಓದಿದರು. ಅವರ ತಾಯಿ ಗಡಿಯಾಚೆಯವರಂತೆ. ಊರಿನ ಹೆಸರು, ಮನೆಯ ಗುರುತು, ವಾರ, ಡಬ್ಬ. ನಾವು ಬಿಟ್ಟು ಬಂದ ಮೇಲಿನ ಒಂದು ವಾರವೂ ತಪ್ಪಿರಲಿಲ್ಲ. ಡಬ್ಬದಿಂದ ಗೂಡು, ಗೂಡಿನಿಂದ ನೂಲು, ನೂಲಿನಿಂದ ಹಣ ಎಂದು ಒಂದು ಹಾಳೆಯಲ್ಲಿ ಬರೆದಾಗ ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಅವರು ಕಳೆಯಲು ಶುರು ಮಾಡಿದರು. ಗೂಡಿನ ಬೆಲೆ ಕಳೆದರು. ಹೆಣ್ಣಾಳುಗಳ ಕೂಲಿ ಕಳೆದರು. ಸೌದೆ ಕಳೆದರು. ಗೂಡಿನ ಬೆಲೆ ಏರಿ ನೂಲು ನಷ್ಟಕ್ಕೆ ಹೋದ ವಾರಗಳು ಎಷ್ಟಿರಬಹುದು ಎಂದು ಅಮ್ಮನನ್ನೇ ಕೇಳಿ ಅದನ್ನೂ ಕಳೆದರು. ಕೆಟ್ಟ ಗೂಡು ಎಂದು ಇನ್ನೊಂದಿಷ್ಟು.

ಅಮ್ಮನಿಗೆ ತಡೆಯಲಾಗಲಿಲ್ಲ. “ನೀವು ನಮ್ ಕಡೇರಾ ಸಾ, ಇಲ್ಲ ಅವ್ರ ಕಡೇರಾ?”

“ನಾನು ಮರದ ಕಡೇನು” ಎಂದರು ತಲೆ ಎತ್ತದೆ. ಆಮೇಲೆ, “ನಾವು ಕಳೀಲಿಲ್ಲ ಅಂದ್ರೆ ಅವರ ವಕೀಲ್ರು ಕಳೀತಾರೆ. ಅವರು ಕಳೆಯಾಕೆ ನಿಂತ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಅವರ್ಗೂ ಗೊತ್ತಿರಲ್ಲ. ಕಳೆಯಾದೆಲ್ಲ ನೀವೇ ಕಳೆದು ಕೊಡಿ. ಆಮೇಲೆ ಉಳಿಯೋದನ್ನ ಯಾರೂ ಮುಟ್ಟಕ್ಕಾಗಲ್ಲ.”

ಉಳಿದದ್ದು ಅಮ್ಮ ಹೇಳಿದ ಲಕ್ಷಗಳಿಗೆ ಬಹಳ ದೂರವಿತ್ತು. ಆದರೆ ಕೂಲಿಯಾಳಿನ ಆದಾಯದ ಐದರಷ್ಟಿತ್ತು.

ಅರ್ಜಿಯಲ್ಲಿ ಅವರು ಲಕ್ಷದ ಮಾತು ಎತ್ತಲಿಲ್ಲ. ಏಳನೆಯ ಪ್ಯಾರಾದಲ್ಲಿ ಇಷ್ಟೇ ಇತ್ತು: ಮನೆಯಲ್ಲಿದ್ದಾಗ ಹುಳ ಮಾರಿದ ಹಣ ತನಗೆ ಬರುತ್ತಿತ್ತು, ಈಗ ಅದು ತನಗೆ ಬರುತ್ತಿಲ್ಲ, ಹುಳ ಮಾರಾಟ ಇಂದಿಗೂ ನಡೆಯುತ್ತಿದೆ. ಓದಿ, “ಹಿಂಗೇ ತಾನೇ?” ಎಂದರು. ಅಮ್ಮ ಹೂಂ ಎಂದಳು. ಪುಟಕ್ಕೆ ಇಷ್ಟು ಎಂಬ ತಮ್ಮ ದರವನ್ನು ಪೂರ್ತಿ ತೆಗೆದುಕೊಂಡರು. ಲೆಕ್ಕದ ಹಾಳೆಯನ್ನೂ ಹುಳದವನ ಬುಕ್ಕಿನ ಜೆರಾಕ್ಸನ್ನೂ ವಕೀಲರು ವಿಚಾರಣೆಗೆ ಎಂದು ಇಟ್ಟುಕೊಂಡರು.

ಒಂದೂವರೆ ತಿಂಗಳ ಮೇಲೆ ಅಪ್ಪನ ಕಡೆಯಿಂದ ತಕರಾರು ಅರ್ಜಿ ಬಂತು. ಅದರ ಪ್ರತಿ ನಮಗೆ ಸಿಕ್ಕಿತು. ಕೋಣೆಯಲ್ಲಿ ಕೂತು ನಾನೇ ಅಮ್ಮನಿಗೆ ಓದಿ ಹೇಳಿದೆ. ಚರಕಗಳಿಲ್ಲ, ಕೂಲಿ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದೇನೆ. ಓದುತ್ತಾ ಹೋದಂತೆ ನನಗೆ ಏನೋ ಪರಿಚಯವೆನಿಸಿತು. ‘ಆದಾಯ’ ಎಂಬಲ್ಲಿ ‘ಯ’ ಸಾಲಿಗಿಂತ ಮೇಲಿತ್ತು. ‘ನ್ಯಾಯಾಲಯ’ ಎಂಬಲ್ಲಿಯೂ.

ನಾನು ಅಮ್ಮನಿಗೆ ಹೇಳಲಿಲ್ಲ. ಮುಂದಿನ ವಾಯಿದೆಯ ದಿನ ಅವಳು ವಕೀಲರನ್ನು ಹುಡುಕಿ ಹೋದಾಗ ನಾನೊಬ್ಬಳೇ ಮರದ ಹತ್ತಿರ ಹೋದೆ.

“ನಮ್ಮಪ್ಪನದೂ ನೀವೇ ಟೈಪ್ ಮಾಡಿದ್ರಾ?”

ಅವರು ಅಚ್ಚರಿಪಡಲಿಲ್ಲ. “ಇಲ್ಲಿ ಕೂತಿರೋನು ನಾನೊಬ್ನೇ ಕಣವ್ವ.”

“ಅದು ಸುಳ್ಳು ಅಂತ ನಿಮಗೆ ಗೊತ್ತಿತ್ತು.”

“ನಂಗೆ ಗೊತ್ತಿರೋದನ್ನ ನಾನು ಒಡೆಯಾಕೆ ಕೂತ್ರೆ ಅದು ನನ್ನ ಕಾಗ್ದ ಆಯ್ತದೆ, ಅವರದ್ದಲ್ಲ. ನಿಮ್ಮ ಕಾಗ್ದದ ಮಾತು ಅವರ್ಗೆ ಏಳಿಲ್ಲ. ಅವರ ಕಾಗ್ದದ ಮಾತು ನಿಂಗೂ ಏಳಲ್ಲ.”

“ಹಾಗಾದ್ರೆ ಅವರು ಹೇಳಿದ್ದನ್ನೆಲ್ಲ ಹೊಡೆದು ಕೊಟ್ರಿ.”

ಅವರು ಹೊಸ ಹಾಳೆ ತೆಗೆದು, ಮಧ್ಯೆ ಕಾರ್ಬನ್ ಇಟ್ಟು, ಅಂಚು ಕೂಡಿಸಿ ಮಿಷನ್ನಿಗೆ ಏರಿಸಿದರು. ಆ ದಿನದಿಂದ ನಾನು ಅವರ ಜೊತೆ ಮಾತು ಬಿಟ್ಟೆ. ಅಮ್ಮ ನಮಸ್ಕಾರ ಮಾಡಿದಾಗ ನಾನು ರಸ್ತೆಯ ಕಡೆ ನೋಡುತ್ತಿದ್ದೆ.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಾಮಗೆರೆಯವನು ಹೊರಗೆ ಬಂದು ನಿಂತಿದ್ದ, ಕರೆಯಬೇಡಿರಪ್ಪಾ ಎಂಬ ಮುಖ ಹೊತ್ತು. ಕಟಕಟೆಯಲ್ಲಿ ಅಪ್ಪ ಚರಕ ಇಲ್ಲ ಎಂದರು. ಗೂಡು ಕೊಳ್ಳುವುದಿಲ್ಲ ಎಂದರು. ಲೈಸೆನ್ಸು ತಮ್ಮನದು ಎಂದರು. ಎಲ್ಲವೂ ಕಲಿತು ಬಂದಂತೆ ಸರಿಯಾಗಿತ್ತು. ಆಗ ನಮ್ಮ ವಕೀಲರು, ಹುಳದ ಹಣವನ್ನು ಹೆಂಡತಿಗೆ ಕೊಡದೆ ನೀವೇ ಇಟ್ಟುಕೊಂಡಿದ್ದೀರಾ ಎಂದು ಕೇಳಿದರು.

ಅಪ್ಪನ ಮುಖ ಕೆಂಪಾಯಿತು. ಏಳನೆಯ ಪ್ಯಾರಾ ಓದಿದಾಗಿನಿಂದ ಅದೊಂದು ಮಾತು ಅವರನ್ನು ಚುಚ್ಚುತ್ತಿತ್ತು ಎಂದು ಈಗ ಅನಿಸುತ್ತದೆ. ಹೆಂಗಸರ ಕಾಸು ತಿಂದವನು ಎಂದು ಕೋರ್ಟಿನಲ್ಲಿ ಬರೆಸಿದ್ದಾಳೆ!

“ಉಳದ ಕಾಸು ನಾ ಮುಟ್ಟಿಲ್ಲ ಸಾ! ನಮ್ಮಪ್ಪನ ಕಾಲದಿಂದ್ಲೂ ಮುಟ್ಟಿಲ್ಲ. ವಾರ ವಾರ ನಮ್ಮವ್ವನ ಕೈಗೇ ಓಯ್ತದೆ. ಬೇಕಾದ್ರೆ ಉಳದವನ್ನೇ ಕರ್ದು ಕೇಳಿ.”

“ಪ್ರತಿ ವಾರ?”

“ಒಂದ್ ವಾರ ತಪ್ಪಿಲ್ಲ.”

“ವಾರಕ್ಕೆ ಎಷ್ಟು ಡಬ್ಬ?”

ಅಪ್ಪ ಸಂಖ್ಯೆ ಹೇಳಿದರು. ಹೆಮ್ಮೆಯಿಂದಲೇ ಹೇಳಿದರು. ಹೇಳಿದ ಮೇಲೆ ಅಮ್ಮನ ಕಡೆ ನೋಡಿದರು. ಅಮ್ಮ ತಲೆ ತಗ್ಗಿಸಿದ್ದಳು. ವಕೀಲರು ಲೆಕ್ಕದ ಹಾಳೆ ಹೊರಗೆ ತೆಗೆದರು.

ಕಾಮಗೆರೆಯವನನ್ನು ಕರೆಯುವ ಅಗತ್ಯವೇ ಬರಲಿಲ್ಲ. ಅಪ್ಪನ ವಕೀಲರು ಕೂಲಿ, ಸೌದೆ, ನಷ್ಟದ ವಾರ ಎಂದು ಶುರು ಮಾಡಿದರು. ಒಂದೊಂದೂ ಹಾಳೆಯಲ್ಲಿ ಮೊದಲೇ ಕಳೆದಿತ್ತು. ಆದೇಶ ಬಂದಾಗ ನನ್ನ ಪಾಲು ಎಂಟುನೂರರಿಂದ ನಾಲ್ಕು ಸಾವಿರವಾಗಿತ್ತು. ಅಂದು ಮನೆಗೆ ನಡೆದು ಬರುವಾಗ ಅಮ್ಮ, “ಅದೇನೋ ಸೈನ್ಸು ಅಂತಿದ್ಯಲ್ಲ” ಎಂದಳು. ನಾನು ಅವಳ ಮುಂದೆ ಅಂದಿರಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೋ ಇಂದಿಗೂ ತಿಳಿಯದು.

ಸೈನ್ಸ್ ಓದಿದೆ. ಮೈಸೂರಿನಲ್ಲಿ ಎಂಎಸ್ಸಿ ಮಾಡಿ ಈಗ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪ್ರಯೋಗದಲ್ಲಿ ಕಾಣದ ಬಣ್ಣವನ್ನು ರೆಕಾರ್ಡಿನಲ್ಲಿ ಬರೆದು ತರುವ ಹುಡುಗಿಯರಿಗೆ, ಕಂಡದ್ದನ್ನು ಮಾತ್ರ ಬರೀರಿ ಎನ್ನುವಾಗ ನನ್ನ ದನಿ ನನಗೇ ಬೇರೆಯವರದು ಎನಿಸುತ್ತದೆ. ನಾನು ಓದುವಾಗಲೇ ಟೈಪ್ ಸಾರ್ ಜೊತೆ ಮಾತು ಮತ್ತೆ ಶುರುವಾಗಿತ್ತು, ಆದರೆ ಮೇಲು ಮೇಲಿನದು. ಒಮ್ಮೆ, “ಆ ಏಳನೇ ಪ್ಯಾರಾ ಬೇಕಂತಲೇ ಹಾಗೆ ಬರೆದಿರಾ ಸಾರ್?” ಎಂದು ಕೇಳಿದೆ. “ನಾನು ವಕೀಲ ಅಲ್ಲ ಕಣವ್ವ” ಎಂದರು. ಆಗ ಅವರ ಮೇಜಿನ ಮೇಲೆ ಕಂಪ್ಯೂಟರ್ ಬಂದಿತ್ತು. ಕಿವಿ ಎಳೆಯುವುದು ಬಿಟ್ಟಿರಲಿಲ್ಲ, ಹಾಲೆ ಮಾತ್ರ ಬೆಳ್ಳಗಾಗಿತ್ತು. ದೂರದಿಂದ ನೋಡಿ ಬೇರೆ ಯಾರೋ ಎಂದುಕೊಂಡಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಬೆಳಿಗ್ಗೆ ಬಸ್ಸಿಗೆ ಹೊರಟವರು ಜಗಲಿಯ ಮೇಲೆ ಕೂತು ಎದೆ ಹಿಡಿದುಕೊಂಡರಂತೆ. ನಾನು, ಅಮ್ಮ ಹನೂರಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಅವರ ಊರಿಗೆ ಹೋದೆವು. ಅಂಗಳದಲ್ಲಿ ತುಂಬ ಜನ. ಗಮನಿಸಿ ನೋಡಿದರೆ ಅರ್ಧ ಜನ ಇನ್ನರ್ಧ ಜನದ ಮೇಲೆ ಕೇಸು ಹಾಕಿದವರು. ಅಣ್ಣ ಈ ಕಡೆಯ ಗೋಡೆಗೆ, ತಮ್ಮ ಆ ಕಡೆಯ ಗೋಡೆಗೆ. ಇಬ್ಬರ ಕಾಗದವನ್ನೂ ಅವರೇ ಟೈಪ್ ಮಾಡಿದ್ದರು.

ಜೋಳದ ಹೊಲದ ಬದುವಿನ ಹತ್ತಿರ ಅಪ್ಪ ನಿಂತಿದ್ದರು. ತಲೆ ಪೂರ್ತಿ ನರೆತಿತ್ತು. ಅಮ್ಮ ಒಳಗಿದ್ದಳು. ನಾನು ಅವರ ಹತ್ತಿರ ಹೋಗಿ ನಿಂತೆ. ನಾವು ಮಾತಾಡಿ ಎಷ್ಟೋ ಕಾಲವಾಗಿತ್ತು.

“ನೀನು ಬತ್ತೀಯ ಅಂದ್ಕಂಡಿದ್ದೆ” ಎಂದರು. ಆಮೇಲೆ ಹೊಲದ ಕಡೆ ನೋಡುತ್ತಾ, “ಮೂರು ಸತಿ ಕೇಳ್ದ ಕಣವ್ವ” ಎಂದರು.

“ಏನು?”

“ಕೂಲಿ ಅಂತ್ಲೇ ಒಡೀಲಾ, ಹಿಂಗೇ ತಾನೇ, ಅಂತ. ಊಂ ಅಂದೆ. ಇನ್ನೊಂದ್ಸತಿ ಓದ್ದ, ಹಿಂಗೇ ತಾನೇ ಅಂದ. ಊಂ ಅಂದೆ. ಮೂರ್ನೇ ಸತಿ ಕೇಳಿ ಮಿಷನ್ ಮೇಲಿಂದ ಕೈ ತೆಗ್ದು ಕಿವಿ ಇಡ್ಕಂಡು ಸುಮ್ನೆ ಕೂತ್ಬುಟ್ಟ. ದುಡ್ಡು ತಕತೀಯ, ಒಡ್ಯಯ್ಯ ಅಂತ ಬಯ್ದೆ. ಆಮೇಲೆ ಒಡ್ದ.”

ಹೆಣ ಎತ್ತಿದಾಗ ಇಬ್ಬರೂ ಜೊತೆಗೆ ನಾಲ್ಕು ಹೆಜ್ಜೆ ನಡೆದೆವು.

ನಮಗೆ ಅವರು ಎಲ್ಲ ಪ್ಯಾರಾಕ್ಕೂ ಒಂದೊಂದೇ ಸಲ ಕೇಳಿದ್ದರು. ಅಪ್ಪನಿಗೆ ಮೂರು ಸಲ ಕೇಳಿದ್ದನ್ನು, ಹದಿನಾಲ್ಕರ ಹುಡುಗಿ ಎದುರು ನಿಂತು ಸುಳ್ಳು ಹೊಡೆದು ಕೊಟ್ರಿ ಎಂದಾಗಲೂ ಹೇಳಿರಲಿಲ್ಲ. ಹೇಳಿದ್ದರೆ ಆ ಕ್ಷಣವೇ ನಾನು ಅವರ ಕಡೆ ಆಗಿಬಿಡುತ್ತಿದ್ದೆ. ಅದು ಅಪ್ಪನ ಕಾಗದದ ಮಾತು, ಅಪ್ಪನೇ ಹೇಳಬೇಕಾಗಿತ್ತು.

ಅಂದು ಮನೆಗೆ ಬಂದು ಅಮ್ಮನ ಟ್ರಂಕಿನಿಂದ ಆ ಕಾಗದಗಳನ್ನು ತೆಗೆದು ನೋಡಿದೆ. ನಮ್ಮ ಅರ್ಜಿಯ ಒಂದು ಪುಟದಲ್ಲೂ ಕಲೆ ಇಲ್ಲ, ಅವರು ಅಷ್ಟು ಚೊಕ್ಕಟ. ಅಪ್ಪನ ತಕರಾರು ಅರ್ಜಿಯಲ್ಲಿ, ಕೂಲಿ ಕೆಲಸ ಮಾಡಿ ಜೀವನ ಸಾಗಿಸುತ್ತಿದ್ದೇನೆ ಎಂಬ ಸಾಲಿನ ಪಕ್ಕ, ಎಡ ಅಂಚಿನಲ್ಲಿ, ಒಂದು ನೀಲಿ ಬೆರಳಿನ ಗುರುತು ಇದೆ. ಆ ಬೆರಳು ಅಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂದು ನಾನು ಹೇಳಲಾರೆ. ಕಂಡದ್ದು ಅಷ್ಟು, ಬರೆದಿದ್ದೇನೆ.